ಕಾರು ಪಳಗಿದೆ... ಕೈ ಪಳಗಿದೆಯೇ?

ಸ್ಪೋರ್ಟ್ಸ್ ಕಾರಿಗೆ ಲಕ್ಷ ಸುರಿಯಲು ಹೊರಟ ಉಡುಪಿ-ಮಣಿಪಾಲ-ಕಾಪು-ಕಾರ್ಕಳದ ಹುಡುಗರು ಒಮ್ಮೆ ಓದಲೇಬೇಕಾದ ಲೇಖನ

'ಕಾಂತಾರ'ದ ಕಂಬಳದ ದೃಶ್ಯ ನೆನಪಿದೆ ತಾನೆ? ಕೆಸರು ಗದ್ದೆ, ಆಳೆತ್ತರಕ್ಕೆ ಚಿಮ್ಮುವ ನೀರು, ಮುಂದೆ ಜೋಡಿ ಕೋಣ, ಹಿಂದೆ ಹಾರಿಕೊಂಡೇ ಬರುವ ಶಿವ! 2022ರಲ್ಲಿ ಚಿತ್ರ ತೆರೆಗೆ ಬಂದಾಗ ಟಾಕೀಸಿನಲ್ಲಿ ಸಿಳ್ಳೆಯೋ ಸಿಳ್ಳೆ. ಆದರೆ ಸಿಳ್ಳೆ ಹೊಡೆದವರಲ್ಲಿ ಎಷ್ಟು ಮಂದಿಗೆ ಗೊತ್ತು? ಕೆರಾಡಿಯ ರಿಷಬ್ ಶೆಟ್ಟಿ ಆ ದೃಶ್ಯಕ್ಕಾಗಿ ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ಕೋಣಗಳ ಹಿಂದೆ ಓಡುವುದನ್ನು ಕಲಿತಿದ್ದರು. ಕೋಣ ಯಾರದ್ದಾದರೂ ಆದೀತು, ಕಾಲು ಮಾತ್ರ ತನ್ನದೇ ಆಗಬೇಕಲ್ಲ!

ಕಂಬಳದ ಯಜಮಾನರನ್ನು ಕೇಳಿ ನೋಡಿ. ಲಕ್ಷಗಟ್ಟಲೆ ಕೊಟ್ಟು ಕೋಣ ತರಬಹುದು. ಹುರುಳಿ ಬೇಯಿಸಿ ಹಾಕಬಹುದು, ಎಣ್ಣೆ ತಿಕ್ಕಿ ಮಿರಮಿರ ಮಿಂಚಿಸಬಹುದು. ಓಡಿಸುವವನು ಸರಿ ಇಲ್ಲದಿದ್ದರೆ ಮಂಜೊಟ್ಟಿ ಮುಟ್ಟುವ ಮೊದಲೇ ಕಥೆ ಮುಗಿಯಿತು. ಕಾರ್ಕಳದ ಮಿಯಾರಿನಲ್ಲಿ ಕಂಬಳ ಅಕಾಡೆಮಿ ಹುಟ್ಟಿದ್ದು ಸುಮ್ಮನೆ ಅಲ್ಲ. ಅಲ್ಲಿ ತರಬೇತಿ ಸಿಕ್ಕಿದ್ದು ಕೋಣಗಳ ಹಿಂದೆ ಓಡುವ ಹುಡುಗರಿಗೆ.

ಕೋಣದ ವಿಷಯದಲ್ಲಿ ನಮ್ಮ ಊರಿಗೆ ಇರುವ ಈ ಬುದ್ಧಿ ಕಾರಿನ ವಿಷಯಕ್ಕೆ ಬಂದಾಗ ಎಲ್ಲಿಗೆ ಹೋಗುತ್ತದೆ?

"ಇದಕ್ಕೆ ಇನ್ನು ಎಂಥ ಹಾಕುವ?"

ಉಡುಪಿಯ ಯಾವುದೇ ಗ್ಯಾರೇಜಿನ ಮುಂದೆ ಸಂಜೆ ಹೊತ್ತು ನಿಂತುಕೊಳ್ಳಿ. ಇಂಥ ಮಾತು ಕಿವಿಗೆ ಬೀಳದೆ ಇರದು.

"ಮೇಸ್ತ್ರಿ, ಇದಕ್ಕೆ ಇನ್ನು ಎಂಥ ಹಾಕುವ? ಸೈಲೆನ್ಸರ್ ಆಯ್ತು, ರೀಮ್ಯಾಪ್ ಆಯ್ತು..."

"ಹಾಕುವುದು ಮತ್ತೆ ಮಾರಾಯ. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷ ಆಯಿತು, ಅದನ್ನು ಮೊದಲು ಹೇಳು!"

ಹುಡುಗನ ಬಾಯಿ ಬಂದ್.

ಈಗ ಟ್ರ್ಯಾಕ್ ಡೇ ಎಂಬ ಹೊಸ ಗುಂಗು ನಮ್ಮ ಕಡೆಗೂ ಹಬ್ಬಿದೆ. ಟ್ರ್ಯಾಕ್ ಡೇ ಎಂದರೆ ಬಹುಮಾನದ ರೇಸ್ ಅಲ್ಲ. ಹಣ ಕಟ್ಟಿ, ಹೆಲ್ಮೆಟ್ ಹಾಕಿ, ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿಗೆ ಇಳಿಸಿ ಓಡಿಸಿ ನೋಡುವ ದಿನ. ಒಳ್ಳೆಯ ಶೋಕಿ, ತಪ್ಪೇನಿಲ್ಲ. ಆದರೆ ಒಂದು ಸಲವೂ ಟ್ರ್ಯಾಕ್ ಮೆಟ್ಟದ ಹುಡುಗ ಮೊದಲು ಎಂಜಿನ್ನಿಗೆ, ಆಮೇಲೆ ಟೈರಿಗೆ, ಆಮೇಲೆ ಸಸ್ಪೆನ್ಷನ್ನಿಗೆ ದುಡ್ಡು ಸುರಿಯುತ್ತಾನೆ. ಸ್ಟೀರಿಂಗ್ ಹಿಡಿಯುವ ಎರಡು ಕೈಗೆ? ಒಂದು ರೂಪಾಯಿಯೂ ಇಲ್ಲ!

ತೆರೆಯ ವೇಗ ಯಾರದ್ದು?

ಇದರಲ್ಲಿ ಸಿನಿಮಾದ ಪಾಲೂ ಉಂಟು, ಒಪ್ಪಿಕೊಳ್ಳೋಣ. ನಾಯಕ ಕಾರು ಹತ್ತಿದ ಕೂಡಲೇ ಕಾರು ಹಾರುತ್ತದೆ. ಆತ ಕಲಿತದ್ದು ಯಾವಾಗ ಎಂದು ಯಾವ ನಿರ್ದೇಶಕನೂ ತೋರಿಸುವುದಿಲ್ಲ.

ಆ ವೇಗದ ಗುಟ್ಟು ಕ್ಯಾಮೆರಾದ ಹೊಟ್ಟೆಯಲ್ಲಿದೆ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಚಿತ್ರೀಕರಣದಲ್ಲಿ ಕ್ಯಾಮೆರಾವನ್ನು ನಿಧಾನ ಮಾಡಿ ಸೆಕೆಂಡಿಗೆ 16 ಚೌಕಟ್ಟು ಮಾತ್ರ ತೆಗೆದರೆ, 40 ಕಿ.ಮೀ. ವೇಗದ ಕಾರು ತೆರೆಯ ಮೇಲೆ 60ರಲ್ಲಿ ಬಂದಂತೆ ಕಾಣುತ್ತದೆ. ಚೇಸ್ ದೃಶ್ಯಗಳಲ್ಲಿ ಬಲು ಹಿಂದಿನಿಂದಲೂ ನಡೆದು ಬಂದ ಉಪಾಯ ಇದು. ಅಪಾಯದ ಜಾಗದಲ್ಲಿ ನಾಯಕನ ಬದಲು ಸ್ಟಂಟ್ ಚಾಲಕ ಕೂರುತ್ತಾನೆ. ಹಾಲಿವುಡ್ಡಿನ ಸ್ಟೀವ್ ಮೆಕ್ವೀನ್ ಸಾಮಾನ್ಯ ಚಾಲಕನಲ್ಲ. 1970ರ ಸೆಬ್ರಿಂಗ್ 12 ಗಂಟೆಗಳ ರೇಸಿನಲ್ಲಿ ಪಟ್ಟಿ ಕಟ್ಟಿದ ಮುರಿದ ಕಾಲಿನಲ್ಲೇ ಓಡಿಸಿ, ಜತೆಗಾರ ಪೀಟರ್ ರೆವ್ಸನ್ ಸಂಗಡ ಎರಡನೇ ಸ್ಥಾನ ಹೊಡೆದ ಭೂಪ. ಅಂಥವನ 'ಬುಲಿಟ್' (1968) ಚಿತ್ರದ ಪ್ರಸಿದ್ಧ ಚೇಸ್‌ನಲ್ಲೂ ಕಷ್ಟದ ಭಾಗಕ್ಕೆ ಬಡ್ ಎಕಿನ್ಸ್ ಎಂಬ ಸ್ಟಂಟ್ ಚಾಲಕ ಕೂತಿದ್ದ!

ಮೊದಲು ಶಾಲೆ, ಆಮೇಲೆ ಪೋರ್ಷೆ

ನಿಜವಾಗಿ ರೇಸ್ ಓಡಿಸಿದ ತಾರೆಯರ ದಾರಿ ನೋಡಿ. ಪಾಲ್ ನ್ಯೂಮನ್ 'ವಿನ್ನಿಂಗ್' (1969) ಚಿತ್ರದಲ್ಲಿ ರೇಸ್ ಚಾಲಕನ ಪಾತ್ರ ಮಾಡಬೇಕಾಗಿತ್ತು. ಅದಕ್ಕಾಗಿ ಬಾಬ್ ಬಾಂಡ್ಯುರಾಂಟ್ ನಡೆಸುತ್ತಿದ್ದ ಚಾಲನಾ ಶಾಲೆಗೆ ಹೋಗಿ ಪಾಠ ಹೇಳಿಸಿಕೊಂಡ. ಆಗಲೇ ಆತನಿಗೆ ನಲವತ್ತು ದಾಟಿತ್ತು, ಜಗತ್ಪ್ರಸಿದ್ಧ ನಟ ಬೇರೆ. ಡಾಟ್ಸನ್ 510ರಂಥ ಸಣ್ಣ ಕಾರುಗಳಲ್ಲೂ ಬೆವರು ಸುರಿಸಿದ. 1976ರಲ್ಲಿ ಟ್ರಯಂಫ್ ಟಿ.ಆರ್.6 ಕಾರಿನಲ್ಲಿ ಅಮೆರಿಕದ ಹವ್ಯಾಸಿ ರೇಸಿನ ರಾಷ್ಟ್ರೀಯ ಪ್ರಶಸ್ತಿ. ಅದಾದ ಮೇಲೆ 1979ರಲ್ಲಿ ಪೋರ್ಷೆ 935 ಹತ್ತಿ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ತಂಡದೊಡನೆ ಎರಡನೇ ಸ್ಥಾನ! 1995ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಡೇಟೋನಾ 24 ಗಂಟೆಗಳ ರೇಸಿನಲ್ಲಿ ತನ್ನ ವಿಭಾಗವನ್ನೇ ಗೆದ್ದ ತಂಡದಲ್ಲಿದ್ದ. ಸಣ್ಣ ಕಾರಿನಿಂದ ದೊಡ್ಡ ಕಾರಿಗೆ ಬರುವ ತಾಳ್ಮೆ ಆತನಿಗಿತ್ತು.

ನೆರೆಯ ತಮಿಳುನಾಡಿನ ಅಜಿತ್ ಕುಮಾರ್ ಕಥೆಯೂ ಅಷ್ಟೇ ರುಚಿಯದು. 2003ರಲ್ಲಿ ಫಾರ್ಮುಲಾ ಬಿ.ಎಂ.ಡಬ್ಲ್ಯು. ಏಷ್ಯಾ, 2010ರಲ್ಲಿ ಫಾರ್ಮುಲಾ ಟು. ಆಮೇಲೆ ವರ್ಷಗಟ್ಟಲೆ ಬಿಡುವು. ಮತ್ತೆ ಟ್ರ್ಯಾಕಿಗೆ ಬರುವ ಮನಸ್ಸಾದಾಗ "ನಾನು ಹಿಂದೆ ಓಡಿಸಿದವನೇ" ಎಂದು ಎದೆ ತಟ್ಟಿ ನೇರ ರೇಸಿಗೆ ಇಳಿಯಲಿಲ್ಲ. ಮೊದಲು ಅಭ್ಯಾಸದ ಓಟ, ಆಮೇಲೆ ಸ್ಪರ್ಧೆ. ಆದರೂ 2025ರ ಜನವರಿಯಲ್ಲಿ ದುಬೈ 24 ಗಂಟೆಗಳ ರೇಸಿಗೆ ಮುಂಚೆ ಅಭ್ಯಾಸದಲ್ಲೇ ಕಾರು ಗೋಡೆಗೆ ಬಡಿಯಿತು. ಅದೃಷ್ಟಕ್ಕೆ ಅಜಿತ್ ನಡೆದುಕೊಂಡೇ ಹೊರಬಂದರು. ಆ ರೇಸಿನಲ್ಲಿ ಅವರ ತಂಡ ತನ್ನ ವಿಭಾಗದಲ್ಲಿ ಮೂರನೆಯ ಸ್ಥಾನ ಪಡೆಯಿತು. ಅಷ್ಟು ಪಳಗಿದವರಿಗೇ ಟ್ರ್ಯಾಕ್ ಇಂಥ ಏಟು ಕೊಡುತ್ತದೆ ಎಂದರೆ ಮೊನ್ನೆ ಕಾರು ಕೊಂಡವರ ಪಾಡೇನು?

ಕಲಿಯಬೇಕಾದ್ದು ಎಂಥದು?

ಮೊದಲನೆಯದು ಕಣ್ಣು. ಹೊಸಬ ಬಾನೆಟ್ಟಿನ ತುದಿಯನ್ನೇ ನೋಡುತ್ತಾನೆ. ಪಳಗಿದವನು ತಿರುವಿನ ಬಾಯಿಗೆ ಬರುವಾಗಲೇ ಒಳಮೂಲೆಯನ್ನು ನೋಡಿರುತ್ತಾನೆ. ಒಳಮೂಲೆಗೆ ಬರುವಾಗ ಆತನ ಕಣ್ಣು ತಿರುವಿನ ಆಚೆ ಹೋಗಿರುತ್ತದೆ. ಕಣ್ಣು ಹೋದ ಕಡೆ ಕೈ, ಕೈ ಹೋದ ಕಡೆ ಕಾರು. ಹೆದರಿಕೊಂಡು ಗೋಡೆಯನ್ನೇ ನೋಡಿದರೆ ಗೋಡೆಯೇ ಗತಿ!

ಎರಡನೆಯದು ನಯ. ಕಾರಿನ ಭಾರವೆಲ್ಲ ನೆಲಕ್ಕೆ ತಾಗುವುದು ನಾಲ್ಕು ಟೈರುಗಳ ಅಂಗೈಯಷ್ಟಗಲದ ಜಾಗದಲ್ಲಿ. ಬ್ರೇಕ್ ಹಾಕಿದರೆ ಭಾರ ಮುಂದಕ್ಕೆ ಬೀಳುತ್ತದೆ, ಎಕ್ಸಲೇಟರ್ ಒತ್ತಿದರೆ ಹಿಂದಕ್ಕೆ ಸರಿಯುತ್ತದೆ, ತಿರುಗಿಸಿದರೆ ಹೊರಮಗ್ಗುಲಿಗೆ ವಾಲುತ್ತದೆ. ಈ ಭಾರವನ್ನು ಮೆಲ್ಲಗೆ ಸಾಗಿಸಿದರೆ ಟೈರು ಹಿಡಿಯುತ್ತದೆ, ಧಡಕ್ಕನೆ ಎಸೆದರೆ ಕೈ ಬಿಡುತ್ತದೆ. ಮೂರು ಸಲ ವಿಶ್ವ ಚಾಂಪಿಯನ್ ಆದ ಜಾಕಿ ಸ್ಟೀವರ್ಟ್ ಈ ಪಾಠಕ್ಕೆ ಬಾನೆಟ್ಟಿನ ಮೇಲೆ ಬಟ್ಟಲು ಇಟ್ಟು ಅದರೊಳಗೆ ಚೆಂಡು ಹಾಕಿಸುತ್ತಿದ್ದರು. ಚೆಂಡು ಹೊರಗೆ ಬೀಳದ ಹಾಗೆ ಓಡಿಸಬೇಕು, ಅಷ್ಟೇ. ಕೇಳಲು ಸುಲಭ, ಮಾಡಿ ನೋಡಿ!

ಮೂರನೆಯದು ಬ್ರೇಕ್. ರೇಸ್ ಎಂದರೆ ಎಕ್ಸಲೇಟರ್ ಎಂದುಕೊಂಡವರೇ ಹೆಚ್ಚು. ನಿಜವಾದ ವಿದ್ಯೆ ಎಡಗಡೆಯ ಆ ಇನ್ನೊಂದು ಪೆಡಲಿನಲ್ಲಿದೆ. ಕಾರು ನೇರ ಇರುವಾಗಲೇ ಬ್ರೇಕನ್ನು ಗಟ್ಟಿಯಾಗಿ ಒತ್ತಬೇಕು. ತಿರುವು ಹತ್ತಿರ ಬಂದ ಹಾಗೆ ಮೆಲ್ಲಮೆಲ್ಲಗೆ ಬಿಡುತ್ತಾ ಸ್ಟೀರಿಂಗ್ ತಿರುಗಿಸಬೇಕು. ಟೈರಿನ ಹಿಡಿತ ಎಂಬುದು ಸಂಬಳದ ಹಾಗೆ, ಇರುವುದು ಇಷ್ಟೇ. ಪೂರಾ ಬ್ರೇಕಿಗೆ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ.

ನಾಲ್ಕನೆಯದು ದಾರಿ. ಹೊರಗಿನಿಂದ ಬಂದು ಒಳಮೂಲೆ ಸವರಿ ಮತ್ತೆ ಹೊರಕ್ಕೆ. ಹೀಗೆ ಹೋದರೆ ತಿರುವು ದೊಡ್ಡದಾಗುತ್ತದೆ, ವೇಗ ಉಳಿಯುತ್ತದೆ. "ಒಳಗೆ ಹೋಗುವಾಗ ನಿಧಾನ, ಹೊರಗೆ ಬರುವಾಗ ಜೋರು" ಎಂಬುದು ಎಲ್ಲ ಚಾಲನಾ ಶಾಲೆಗಳ ಮೊದಲ ಮಂತ್ರ. ಯಾಕೆ? ತಿರುವಿನಿಂದ ಐದು ಕಿ.ಮೀ. ಹೆಚ್ಚು ವೇಗದಲ್ಲಿ ಹೊರಬಂದರೆ ಮುಂದಿನ ನೇರ ದಾರಿಯ ಉದ್ದಕ್ಕೂ ಅದರ ಬಡ್ಡಿ ಸಿಗುತ್ತದೆ. ಒಳಗೆ ಹೋಗುವಾಗ ಶೌರ್ಯ ತೋರಿಸಿದವನು ಹೊರಬರುವಾಗ ಸ್ಟೀರಿಂಗ್ ಜತೆ ಕುಸ್ತಿ ಆಡುತ್ತಿರುತ್ತಾನೆ.

ಲೆಕ್ಕ ಸುಳ್ಳು ಹೇಳುವುದಿಲ್ಲ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಳ್ಳೆಯ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಸುಮಾರು 12 ಮೀಟರ್ ಬೇಕು. 100ರಲ್ಲಿ? ಎರಡರಷ್ಟಲ್ಲ ಸ್ವಾಮಿ, ನಾಲ್ಕರಷ್ಟು, ಸುಮಾರು 49 ಮೀಟರ್. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಇನ್ನೊಂದು 28 ಮೀಟರ್ ಸೇರಿಸಿಕೊಳ್ಳಿ. ಅದೇ ತಿರುವನ್ನು ಅದೇ ದಾರಿಯಲ್ಲಿ ಹತ್ತು ಪರ್ಸೆಂಟ್ ಹೆಚ್ಚು ವೇಗದಲ್ಲಿ ತಿರುಗಿಸಲು ಇಪ್ಪತ್ತೊಂದು ಪರ್ಸೆಂಟ್ ಹೆಚ್ಚು ಹಿಡಿತ ಬೇಕು. ಎಂಜಿನ್ನಿಗೆ ಹಾಕಿದ ಹಾರ್ಸ್‌ಪವರ್ ಇದಕ್ಕೆ ಎಳ್ಳಷ್ಟೂ ಸಹಾಯ ಮಾಡುವುದಿಲ್ಲ. ತಿರುವಿಗೆ ಇನ್ನೂ ಜೋರಾಗಿ ತಂದು ಬಿಸಾಡುತ್ತದೆ, ಅಷ್ಟೇ!

ಈ ಲೆಕ್ಕ ನಮ್ಮ ಮಣಿಪಾಲದ ಹುಡುಗರಿಗೆ ಚೆನ್ನಾಗಿ ಗೊತ್ತು. 1957ರಲ್ಲಿ ಶುರುವಾದ ಅಲ್ಲಿನ ಎಂ.ಐ.ಟಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ 'ಫಾರ್ಮುಲಾ ಮಣಿಪಾಲ್' ಎಂಬ ವಿದ್ಯಾರ್ಥಿ ತಂಡ ಉಂಟು. ಒಬ್ಬರೇ ಕೂರುವ ರೇಸ್ ಕಾರನ್ನು ತಾವೇ ಲೆಕ್ಕ ಹಾಕಿ, ತಾವೇ ಕಟ್ಟಿ, ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಒಯ್ಯುವ ಮಕ್ಕಳು ಇವರು. ಇಂಥ ಸ್ಪರ್ಧೆಯ ಅಮೆರಿಕದ ನಿಯಮ ಪುಸ್ತಕದಲ್ಲಿ ಅಂಕ ಹಂಚಿದ್ದನ್ನು ನೋಡಿ. ಒಟ್ಟು 1000 ಅಂಕ. 75 ಮೀಟರ್ ನೇರ ಹಾರುವ ಓಟಕ್ಕೆ ಬರೀ 100. ತಿರುವು ಮುರುವಿನ ದಾರಿಯಲ್ಲಿ ಸುಮಾರು 22 ಕಿ.ಮೀ. ಸುತ್ತಿ ಮುಗಿಸುವ ತಾಳ್ಮೆಯ ಓಟಕ್ಕೆ 275! ಕಾರು ಕಟ್ಟಿದವರಿಗೂ ಓಡಿಸುವ ಕೈ ಹುಡುಕದೆ ಗತಿಯಿಲ್ಲ.

ಎಲ್ಲಿ ಕಲಿಯುವುದು? ಎಲ್ಲಿ ಕೂಡದು?

"ನಮ್ಮಲ್ಲಿ ಟ್ರ್ಯಾಕ್ ಎಲ್ಲುಂಟು ಮಾರಾಯ್ರೇ? ಹೈವೇ ಉಂಟಲ್ಲ, ಸಾಕು" ಎನ್ನುವವರಿದ್ದಾರೆ. ಸಾಕಾಗುವುದಿಲ್ಲ!

ಪಡುಬಿದ್ರಿ, ಕಾಪು, ಉಡುಪಿ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿದೆ, ನಿಜ. ಆದರೆ ಅದರ ನಡುವೆ ಶಾಲೆಗೆ ಹೋಗುವ ಮಕ್ಕಳು ದಾಟುತ್ತಾರೆ, ಮೀನಿನ ಲಾರಿ ತಿರುಗುತ್ತದೆ, ಎದುರು ದಿಕ್ಕಿನಲ್ಲೇ ಸ್ಕೂಟರ್ ಬರುತ್ತದೆ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ನೋಡಲು ಬಂದ ಸಂಸಾರ ರಸ್ತೆ ಬದಿಯಲ್ಲಿ ನಿಂತಿರುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಕಂಡರೆ ಕೈ ತುರಿಸುತ್ತದೆ, ಒಪ್ಪಿದೆ. ಆದರೆ "ಹೊರಗಿನಿಂದ ಒಳಕ್ಕೆ" ಎಂಬ ರೇಸಿನ ದಾರಿ ಹಿಡಿದರೆ ಎದುರು ಬರುವ ಬಸ್ಸಿನ ಮೂಗಿಗೇ ಹೋಗಿ ಮುಟ್ಟುತ್ತೀರಿ. ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ತಪ್ಪಿದರೆ ಜಾರಿ ನಿಲ್ಲಲು ಮರಳಿನ ಜಾಗ, ಕಾಯಲು ಆಂಬ್ಯುಲೆನ್ಸ್. ರಸ್ತೆಯಲ್ಲಿ ತಪ್ಪಿಗೆ ಜಾಗವೇ ಇಲ್ಲ.

ಚಿತ್ರರಸಿಕರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕಾರು ಕಳ್ಳರ ಕಥೆಯ 'ಮಿಂಚಿನ ಓಟ' ಕೊಟ್ಟವರು, 'ಆಟೋರಾಜ'ನಾಗಿ ಕರ್ನಾಟಕದ ಆಟೋ ಚಾಲಕರ ಎದೆಯಲ್ಲಿ ಕೂತವರು ನಮ್ಮ ಶಂಕರ್ ನಾಗ್. ಎರಡೂ 1980ರ ಚಿತ್ರಗಳು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಹೆದ್ದಾರಿ ಅವರನ್ನು ಕಿತ್ತುಕೊಂಡಿತು. ಆಗ ಇನ್ನೂ ಮೂವತ್ತೈದು ವಯಸ್ಸು. ಹೆದ್ದಾರಿಗೆ ನಾಯಕ, ಖಳನಾಯಕ ಎಂಬ ಭೇದವಿಲ್ಲ.

ಕಾನೂನಿನ ಮಾತು ಬೇರೆ ಉಂಟು. ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ನಡೆಸಿದರೆ, 2019ರ ತಿದ್ದುಪಡಿಯ ನಂತರ, ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ ಅಥವಾ ಎರಡೂ. ಎರಡನೇ ಸಲ ಒಂದು ವರ್ಷದವರೆಗೆ! ನಿಯಮ ಮೀರಿ ಕಾರನ್ನು ಮಾರ್ಪಡಿಸಿದ ಮಾಲೀಕನಿಗೂ ಶಿಕ್ಷೆ ಕಾದಿದೆ. ಸಾಮಾನ್ಯ ವಿಮೆ ರೇಸ್ ಓಡಿಸುವಾಗ ಆದ ನಷ್ಟವನ್ನು ಕಟ್ಟಿಕೊಡುವುದಿಲ್ಲ. ಟ್ರ್ಯಾಕ್ ಡೇಗೆ ಹೋಗುವ ಮುನ್ನ ಪಾಲಿಸಿಯ ಸಣ್ಣ ಅಕ್ಷರ ಓದಿಕೊಳ್ಳಿ.

ಹಾಗಾದರೆ ಹೋಗುವುದೆಲ್ಲಿಗೆ? ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್ ಉಂಟು, 12 ತಿರುವು. ಉಡುಪಿಯಿಂದ ಏಳುನೂರು ಕಿ.ಮೀ. ಆಸುಪಾಸು. ಅದಕ್ಕಿಂತ ಹತ್ತಿರ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, 2.1 ಕಿ.ಮೀ. ಭಾರತದ ರೇಸ್ ಲೋಕಕ್ಕೆ ಕಾರು ಕಟ್ಟಿಕೊಟ್ಟ ಕರಿವರ್ಧನ್ ಹೆಸರು ಹೊತ್ತ ಜಾಗ ಅದು. ಅಷ್ಟು ದೂರ ಹೋಗಲು ಆಗದಿದ್ದರೆ ಗೋ-ಕಾರ್ಟ್ ಹತ್ತಿ. ನಗಬೇಡಿ! 2025ರಲ್ಲಿ ಮೊನಾಕೋದಲ್ಲಿ ಫಾರ್ಮುಲಾ ಟು ಸ್ಪ್ರಿಂಟ್ ರೇಸ್ ಗೆದ್ದ ಬೆಂಗಳೂರಿನ ಕುಶ್ ಮೈನಿ ಬೆಳೆದದ್ದೂ ಕಾರ್ಟಿನಲ್ಲೇ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಮುಚ್ಚಿಡುವ ಮರ್ಜಿಯೂ ಇಲ್ಲ. ಕೈ ತಪ್ಪಿದರೆ ಆ ಕ್ಷಣವೇ ಬೆನ್ನಿಗೆ ಗೊತ್ತಾಗುತ್ತದೆ.

ರಸ್ತೆಯ ಹುಲಿ ಟ್ರ್ಯಾಕಿನಲ್ಲೂ ಹುಲಿ ಎಂದುಕೊಳ್ಳುವವರಿಗೆ ಒಂದು ಘಟನೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದಾಗ ದೇಶವೇ ಉಸೇನ್ ಬೋಲ್ಟ್‌ಗೆ ಹೋಲಿಸಿತು. ಕೇಂದ್ರ ಕ್ರೀಡಾ ಮಂತ್ರಿಗಳೇ ಪರೀಕ್ಷೆಯ ಓಟಕ್ಕೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಕೆಲಸ, ಎರಡೂ ಬೇರೆ ಎಂದರು. ತನ್ನ ವಿದ್ಯೆಯ ಎಲ್ಲೆ ತನಗೆ ಗೊತ್ತಿರುವುದೂ ಒಂದು ವಿದ್ಯೆಯೇ!

ದುಡ್ಡು ಹಾಕುವ ಸರದಿ

ಖರ್ಚು ಬೇಡವೇ ಬೇಡ ಎಂದಲ್ಲ. ಸರದಿ ತಪ್ಪಬಾರದು, ಅಷ್ಟೇ.

ಮೊದಲ ಖರ್ಚು ಜೀವ ಉಳಿಸುವುದಕ್ಕೆ: ಒಳ್ಳೆಯ ಹೆಲ್ಮೆಟ್, ಸರಿಯಾದ ಸೀಟ್ ಬೆಲ್ಟ್, ಹೊಸ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್. ಮೇಸ್ತ್ರಿ ಕೇಳಿದ್ದು ತಮಾಷೆಗಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು ಎಂಬುದು ನಿಯಮ; ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲ, ಕಾಪುವಿನ ಕಡಲ ಗಾಳಿ ಹೇಗೆ ಅಂತ ಹೇಳಬೇಕೇ? ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೋಗುವಾಗ ಬ್ರೇಕ್ ಕಾದು, ಆಯಿಲ್ ಕುದ್ದು, ಪೈಪಿನಲ್ಲಿ ಗುಳ್ಳೆ ಎದ್ದು, ಪೆಡಲ್ ಹತ್ತಿಯ ಹಾಗೆ ಕೆಳಗೆ ಹೋದರೆ ಯಾವ ರೀಮ್ಯಾಪ್ ಬಂದು ಕಾಪಾಡುತ್ತದೆ?

ಎರಡನೆಯ ಖರ್ಚು ಗುರುವಿಗೆ. ಪಕ್ಕದಲ್ಲಿ ಕೂತು "ಈಗ ಬಿಡು, ಈಗ ಒತ್ತು" ಎಂದು ಹೇಳುವವರ ಒಂದು ದಿನದ ಪಾಠ ಟರ್ಬೋಗಿಂತ ಹೆಚ್ಚು ಸಮಯ ಉಳಿಸುತ್ತದೆ.

ಮೂರನೆಯದು ಟೈರು, ಅದೂ ಈಗಿನ ಟೈರಿನ ಮಾತು ಅರ್ಥವಾದ ಮೇಲೆ. ಸಾಧಾರಣ ಟೈರು ಜಾರುವ ಮೊದಲು ಕಿರುಚಿ ಎಚ್ಚರಿಸುತ್ತದೆ. ದುಬಾರಿ ಅಂಟು ಟೈರು ತುಂಬಾ ಹೊತ್ತು ತಪ್ಪನ್ನು ಮುಚ್ಚಿಟ್ಟು, ಬಿಡುವಾಗ ಹೆಚ್ಚಿನ ವೇಗದಲ್ಲಿ ಒಮ್ಮೆಗೇ ಕೈ ಬಿಡುತ್ತದೆ. ಆಮೇಲೆ ಸಸ್ಪೆನ್ಷನ್. ಎಂಜಿನ್ನಿನ ಸರದಿ ಕೊನೆಗೆ.

ಅಪ್‌ಗ್ರೇಡ್ ಮಾಡುವ ಹೊತ್ತು ಬಂತೆಂದು ತಿಳಿಯುವುದು ಹೇಗೆ? ಹತ್ತು ಸುತ್ತು ಹಾಕಿ. ಹತ್ತು ಸಲವೂ ಅದೇ ಜಾಗದಲ್ಲಿ ಬ್ರೇಕ್, ಅದೇ ಜಾಗದಲ್ಲಿ ತಿರುವು, ಹೆಚ್ಚು ಕಡಿಮೆ ಅದೇ ಸಮಯ ಬಂದರೆ ಕಾರಿನ ಶಕ್ತಿ ಮುಗಿದಿದೆ, ಖರ್ಚು ಮಾಡಿ. ಒಂದು ಸುತ್ತು ಬೆಂಕಿ, ಇನ್ನೊಂದು ಬೂದಿ ಎಂದಾದರೆ ಬಾಕಿ ಇರುವುದು ನೀವೇ!

ಈ ಪತ್ರಿಕೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಕಾರ್ಕಳಕ್ಕೋ ಮಣಿಪಾಲಕ್ಕೋ ಬಸ್ ಹತ್ತಿದವರು ಇವತ್ತು ಒಂದು ಕೆಲಸ ಮಾಡಿ. ಮುಂದಿನ ಸೀಟಿನಲ್ಲಿ ಕೂತು ಡ್ರೈವರ ಕೈಕಾಲು ಗಮನಿಸಿ. ನಿಂತ ಅಜ್ಜಿ ಕಂಬಿ ಹಿಡಿಯದೆಯೇ ತಿರುವು ದಾಟಿದರೆ, ಆ ಖಾಕಿ ಅಂಗಿಯವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ. ಅವರ ಬಸ್ಸಿಗೆ ರೀಮ್ಯಾಪೂ ಇಲ್ಲ, ಅಂಟು ಟೈರೂ ಇಲ್ಲ. ಇರುವುದು ಪಳಗಿದ ಕೈ ಮಾತ್ರ.